ಕೂದಲಿನ ಬೀಗ

ಕನ್ನಡ ನನಗೆ ಚೆನ್ನಾಗಿ ತಿಳಿಯುತ್ತದೆ ಎಂಬ ಒಂದೇ ಧೈರ್ಯದ ಮೇಲೆ ನಾನು ಒಮ್ಮೆ ಒಂದು ಕೂಸಿನ ತಲೆ ಬೋಳಿಸಿದೆ. ಕೂಸು ನನ್ನದಲ್ಲ. ಅದರ ತಂದೆ ತಾಯಿ ಇಬ್ಬರೂ ಗಟ್ಟಿಮುಟ್ಟಾಗಿ ಕಮಲಾಪುರದಲ್ಲಿದ್ದರು. ಅವರನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ಇದು ನಿಜಾಮರ ಕಾಲದ ಮಾತು. ಆಗ ನನಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬೇಕು. ಕಲಬುರಗಿಯಲ್ಲಿ ಸ್ಟೇಷನ್ನಿನ ದಾರಿಗೆ ಒಬ್ಬ ಪಾದ್ರಿ ಸಾಹೇಬರ ಬಂಗಲೆ ಇತ್ತು. ನಮ್ಮ ಮನೆಯವರು ಅಲ್ಲಿ ತೋಟದ ಮಾಲಿ, ನಾನು ಕೂಸಿನ ಆಯಾ. ಕೂಸಿನ ಹೆಸರು ಗ್ರೇಸ್. ಅದು ನಮ್ಮ ಯಾರ ನಾಲಿಗೆಗೂ ಹತ್ತಲಿಲ್ಲ. ಗಿರಿಜಾ ಎಂದು ಮಾಡಿಕೊಂಡೆವು. ಕೂಸೂ ಬಿಡಲಿಲ್ಲ, ಆಯಾ ಎನ್ನುವುದನ್ನು ಆಯಿ, ಅಂದರೆ ಅಜ್ಜಿ, ಎಂದು ಮಾಡಿಕೊಂಡು ನನ್ನನ್ನು ಇಪ್ಪತ್ತೆರಡಕ್ಕೇ ಮುದುಕಿ ಮಾಡಿತು. ಎರಡೂವರೆ ವರ್ಷದ ಕೂಸು. ತಲೆ ತುಂಬ ಗೋವಿನಜೋಳದ ಜುಟ್ಟಿನ ಬಣ್ಣದ ಕೂದಲು, ಸುರುಳಿ ಸುರುಳಿ. ದಿನಾ ಎಣ್ಣೆ ಹಚ್ಚಿ, ನೀರು ಹಾಕಿ, ಲೋಬಾನದ ಹೊಗೆ ಕೊಟ್ಟು ಒಣಗಿಸುವುದರಲ್ಲಿ ನನ್ನ ಅರ್ಧ ಹರೆಯ ಹೋಯಿತು.

ಇನ್ನು ಕೂಸಿನ ತಾಯಿ. ನಾವೆಲ್ಲ ಅಮ್ಮಾವರು ಎನ್ನುತ್ತಿದ್ದೆವು. ಆಕೆ ಕನ್ನಡವನ್ನು ಹಡಗಿನಲ್ಲಿ ಕೂತು ಪುಸ್ತಕದಿಂದ ಕಲಿತು ಬಂದವರು. ಮಾತಾಡಿದರೆ ಕಲ್ಲಿನ ಮೇಲೆ ಬರೆದದ್ದನ್ನು ಯಾರೋ ಓದಿದ ಹಾಗೆ. "ನೀಲಮ್ಮಾ, ನೀವು ಆ ಎಮ್ಮೆಯವರನ್ನು ಹೊರಗೆ ಕಳುಹಿಸಿರಿ" ಎನ್ನುವರು. ಎಮ್ಮೆಗೆ ಬಹುವಚನ. ಒಮ್ಮೆ ಬಂಗಲೆಗೆ ತಹಶೀಲ್ದಾರರು ಬಂದಾಗ "ಅದು ಬಂದಿದೆ, ಕುರ್ಚಿ ಹಾಕಿರಿ" ಎಂದು ಅವರ ಎದುರಿಗೇ ಹೇಳಿದ್ದರು. ಸಂಜೆ ಹೊತ್ತು ಆಕೆ ನನಗೆ ಅಕ್ಷರ ಕಲಿಸುವರು, ನಾನು ಆಕೆಗೆ ಮಾತು ಕಲಿಸುವೆ. ಇಬ್ಬರಿಗೂ ಗುರು ಸರಿಯಾಗಿ ಸಿಕ್ಕಿರಲಿಲ್ಲ ಎಂಬುದು ಮುಂದೆ ಗೊತ್ತಾಯಿತು.

ಒಂದು ಸೋಮವಾರ ಅವರ ದೇಶದಿಂದ ಕಾಗದ ಬಂತು. ಅಮ್ಮಾವರ ತಾಯಿ ಬರೆಸಿದ್ದು. ಆ ಮುದುಕಿ ಮೊಮ್ಮಗಳನ್ನು ನೋಡಿಯೇ ಇಲ್ಲ, ಇನ್ನು ನೋಡುವ ಹಾಗೂ ಇಲ್ಲ. ಕಣ್ಣು ಎರಡೂ ಹೋಗಿದ್ದವು. ಜೀವಕ್ಕೂ ಆರಾಮಿರಲಿಲ್ಲ. ಪಟ ಕಳಿಸಿದರೆ ನಾನೇನು ಮಾಡಲಿ, ಕೂಸಿನ ಕೂದಲು ಕಳಿಸು, ಕೈಯಿಂದ ನೋಡುತ್ತೇನೆ ಎಂದು ಬರೆಸಿದ್ದಳು. ಅಮ್ಮಾವರು ಇದನ್ನು ನನಗೆ ಹೇಳುವಾಗ ಕೊರಳಲ್ಲಿದ್ದ ಬಂಗಾರದ ತಾಯಿತವನ್ನು ತಿರುವುತ್ತಿದ್ದರು. ಸಂಕಟವಾದಾಗಲೆಲ್ಲ ಅದನ್ನು ತಿರುವುವುದು ಆಕೆಯ ರೂಢಿ. ನಮ್ಮ ಹಾಗೆಯೇ ಇವರಿಗೂ ತಾಯಿತ ಇದೆ ಎಂದು ನನಗೆ ಆಕೆಯ ಮೇಲೆ ಮೊದಲಿನಿಂದಲೂ ಒಂದು ಗೌರವ.

ಮುಂಬಯಿಯ ಹಡಗಿಗೆ ಮುಟ್ಟುವ ಟಪಾಲು ಶನಿವಾರ ಹೋಗಬೇಕು. ತಪ್ಪಿದರೆ ಇನ್ನೊಂದು ಹಡಗು ಯಾವಾಗಲೋ, ಅಷ್ಟರಲ್ಲಿ ಮುದುಕಿ ಇರುತ್ತಾಳೋ ಇಲ್ಲವೋ. ಗಂಡಹೆಂಡಿರು ಅದೇ ಹೊತ್ತಿಗೆ ಕಮಲಾಪುರಕ್ಕೆ ಹೊರಟಿದ್ದರು. ಅಲ್ಲಿ ಡೇರೆ ಹಾಕಿ, ಸಾಹೇಬರು ಪ್ರಾರ್ಥನೆ ಹೇಳುವುದು, ಅಮ್ಮಾವರು ಕಣ್ಣಿಗೆ ಕಿವಿಗೆ ಔಷಧ ಹಾಕುವುದು. ಕೂಸಿಗೆ ಬಿಸಿಲು ಆಗದು ಎಂದು ನನ್ನ ಹತ್ತಿರ ಬಿಟ್ಟರು. ಬಂಡಿ ಹತ್ತಿದ ಅಮ್ಮಾವರು ಮತ್ತೆ ಇಳಿದು, ನಶ್ಯದ ಡಬ್ಬಿಯಷ್ಟು ಸಣ್ಣ ಒಂದು ಡಬ್ಬಿ ನನ್ನ ಕೈಗೆ ಕೊಟ್ಟರು. ಸಾಹೇಬರ ಶಬ್ದದ ಪುಸ್ತಕ ತೆಗೆಸಿ, ಒಂದು ಮಾತು ಹುಡುಕಿ, ತುಟಿಯಲ್ಲೇ ಎರಡು ಸಲ ಹೇಳಿಕೊಂಡು, ಆಮೇಲೆ ನನಗೆ ಹೇಳಿದರು:

"ನೀಲಮ್ಮಾ, ಮಗುವಿನ ಕೂದಲಿನ ಒಂದು ಬೀಗ ತೆಗೆದು ಇಡಿರಿ. ಅಜ್ಜಿಗೆ ಕಳುಹಿಸಬೇಕು. ನಾವು ಶುಕ್ರವಾರ ಬರುತ್ತೇವೆ."

"ಆಗಲ್ರಿ ಅಮ್ಮಾವ್ರ. ನೀವೇನೂ ಚಿಂತಿ ಮಾಡಬ್ಯಾಡ್ರಿ" ಎಂದೆ.

ಬಂಡಿ ಹೋಯಿತು. ಈಗ ಓದುವವರು ನನ್ನನ್ನು ದಡ್ಡಿ ಎನ್ನುವ ಮೊದಲು ಒಂದು ವಿಷಯ ತಿಳಿಯಬೇಕು. ನಮ್ಮ ಕಡೆ ಬಾಗಿಲಿಗೆ ಹಾಕುವುದು ಕೀಲಿ. ಬೀಗ ಎಂದರೆ ಕೊಟ್ಟು ತಂದ ಮನೆಯವನು, ಸಂಬಂಧಿ. ಕೂದಲು ತೆಗೆಯುವುದು ಎಂದರೆ ಜಾವಳ, ಕೂಸಿನ ಹುಟ್ಟುಗೂದಲು ಇಳಿಸುವ ಶಾಸ್ತ್ರ. ಅದಕ್ಕೆ ತಾಯಿಯ ತವರಿನ ಬೀಗರು ಬರಬೇಕು, ಸೋದರಮಾವನ ತೊಡೆಯ ಮೇಲೆ ಕೂಸು ಕೂಡಬೇಕು, ಮೊದಲ ಎಳೆ ಅವನ ಕೈಯಿಂದಲೇ ಕತ್ತರಿಸಬೇಕು. ಅಮ್ಮಾವರ ತವರು ಸಮುದ್ರದ ಆಚೆ. ಪಾಪ, ಅದಕ್ಕೇ ಒಂದು ಬೀಗ ತೆಗೆದಿಡು, ಅಂದರೆ ಒಬ್ಬ ಬೀಗನನ್ನು ನೀನೇ ನೋಡಿ ಇಡು ಎಂದು ನನ್ನ ಮೇಲೆ ಭಾರ ಹಾಕಿದ್ದಾರೆ. 'ಒಬ್ಬ' ಎನ್ನುವಲ್ಲಿ 'ಒಂದು' ಎಂದರು, ಅಷ್ಟೇ. ತಹಶೀಲ್ದಾರರೇ 'ಅದು' ಆದಮೇಲೆ ಬೀಗ 'ಒಂದು' ಆದರೆ ಏನು ಹೆಚ್ಚು?

ನಮ್ಮ ಮನೆಯವರು ಬದನೆಗಿಡಕ್ಕೆ ನೀರು ಬಿಡುತ್ತಿದ್ದರು. ಅವರದು ಮಾತು ಕಡಿಮೆ. ಹ್ಞೂಂ ಎನ್ನುವುದೇ ಹೆಚ್ಚು. ಆ ಹ್ಞೂಂನಲ್ಲಿ ಮೂರು ತರ: ಹೌದು, ಅಲ್ಲ, ಮತ್ತು ನೀ ಕೇಳುವವಳಲ್ಲ. ನಾನು ಎಲ್ಲ ವಿವರಿಸಿ ಹೇಳಿದೆ. ಅವರು ನೀರಿನ ಕಾಲುವೆ ಕಟ್ಟಿ ನಿಂತರು.

"ಅವರು ಕೀಲಿ ಅಂದಿರಬೇಕು ನೋಡು. ಪುಸ್ತಕದಾಗ ಕೀಲಿಗೆ ಬೀಗ ಅಂತ ಬರೀತಾರಂತ."

"ಕೂದಲಕ್ಕ ಯಾರರ ಕೀಲಿ ಹಾಕ್ತಾರೇನ್ರಿ?"

ಅವರು ಸಲಿಕೆ ಕೆಳಗಿಟ್ಟರು. "ಹಂಗಾರ ನಾ ಕಮಲಾಪುರಕ್ಕ ಹೋಗಿ ಕೇಳಿ ಬರ್ಲ್ಯಾ?"

"ಕೇಳಿ ನನ್ನ ಮಾನಾ ಕಳೀಬ್ಯಾಡ್ರಿ. ನೀಲವ್ವಗ ಕನ್ನಡ ಬರಂಗಿಲ್ಲ ಅಂತ ತಿಳೀತಾರ ಅವರು."

"ಹ್ಞೂಂ" ಎಂದರು. ಮೂರನೆಯ ತರದ್ದು.

ಬೀಗನನ್ನು ಹುಡುಕಲು ನಾನು ದೂರ ಹೋಗಲಿಲ್ಲ. ಊರಿಗೆ ಹತ್ತಿದ ಶರಣಸಿರಸಗಿಯೇ ನನ್ನ ತವರು. ಅಲ್ಲಿ ನನ್ನ ಅಣ್ಣ ಶಿವಲಿಂಗಪ್ಪ ಜೋಳ ತೊಗರಿ ಬೆಳೆದುಕೊಂಡು ಸುಮ್ಮನೆ ಇದ್ದ. ಸುಮ್ಮನೆ ಇದ್ದವನಿಗೆ ಹೋಗಿ ಹೇಳಿದೆ.

"ನಾನು? ಪಾದ್ರಿ ಸಾಹೇಬರಿಗೆ ಬೀಗ?" ಎಂದ. ಆಮೇಲೆ ನಿಧಾನವಾಗಿ ಮೀಸೆಯ ಮೇಲೆ ಕೈ ಹೋಯಿತು. "ಹಂಗಾರ ಹೊಸಾ ರುಮಾಲ ಬೇಕಾಗ್ತದ."

ಬುಧವಾರ ಬೆಳಿಗ್ಗೆ ಬಂಗಲೆಯ ಮುಂದೆ ಎರಡು ಬಂಡಿ ನಿಂತವು. ಅಣ್ಣ, ಅತ್ತಿಗೆ, ಅತ್ತಿಗೆಯ ತಾಯಿ, ನಾಲ್ಕು ಮಕ್ಕಳು, ಆಚೆ ಮನೆಯ ಗಂಡಹೆಂಡಿರು, ಹಾಡುವುದಕ್ಕೆಂದು ಇಬ್ಬರು ಹೆಂಗಸರು. ಹನ್ನೊಂದು ಮಂದಿ. ಅಮ್ಮಾವರು ಒಂದು ಬೀಗ ಎಂದಿದ್ದರು. ಬೀಗರು ಎಂದಾದರೂ ಒಂದಾಗಿ ಬಂದದ್ದುಂಟೇ?

ನಮ್ಮ ಮನೆಯವರು ಬಂಡಿಗಳನ್ನು ನೋಡಿದರು, ನನ್ನನ್ನು ನೋಡಿದರು, ಬದನೆಗಿಡದ ಕಡೆ ಹೋದರು.

ಕ್ಷೌರಕ್ಕೆ ರೋಜಾ ಓಣಿಯಿಂದ ಇಮಾಮಸಾಬರನ್ನು ಕರೆಸಿದ್ದೆ. ವಯಸ್ಸಾದವರು, ಕೂಸಿನ ತಲೆಗೆ ಕತ್ತಿ ಇಟ್ಟರೆ ಕೂಸಿಗೆ ಗೊತ್ತಾಗದ ಕೈ. ಅವರು ಗಿರಿಜಾಳ ಕೂದಲನ್ನು ಬೆರಳಲ್ಲಿ ಹಿಡಿದು ನೋಡಿದರು.

"ಅರೇ ಬೇಟಿ, ಇದು ಕೂದಲಾ ಅಲ್ಲ, ರೇಷ್ಮಿ ಅದ. ಇದರ ಅಪ್ಪಾ ಅಮ್ಮಾ ಹೂಂ ಅಂದಾರಿಲ್ಲೋ?"

"ಅವರೇ ಹೇಳಿ ಹೋಗ್ಯಾರ ಚಾಚಾ. ಅವರ ಅಜ್ಜಿಗೆ ಕಳಸ್ಬೇಕಂತ."

"ನಮ್ಮಲ್ಲೂ ಅಕೀಕಾದಾಗ ಕೂಸಿನ ತಲಿ ತೆಗೀತೀವಿ. ಪಾದ್ರಿ ಮಂದೀನೂ ತೆಗೀತಾರಂತ ಇವತ್ತೇ ಗೊತ್ತಾತು ನೋಡು."

ಹೀಗೆ ಸದರಿ ಕೂಸಿನ ತಲೆಯ ವಿಷಯದಲ್ಲಿ ಮೂರು ಮತದವರ ಪದ್ಧತಿಯೂ ಒಂದೇ ಎಂದು ಬಂಗಲೆಯ ಪಡಸಾಲೆಯಲ್ಲಿ ತೀರ್ಮಾನವಾಯಿತು. ಮೂರನೆಯ ಮತದವರು ಯಾರೂ ಹಾಜರಿರಲಿಲ್ಲ, ಅಷ್ಟೇ.

ಅಣ್ಣ ಹೊಸ ರುಮಾಲು ಸುತ್ತಿಕೊಂಡು ಚಾಪೆಯ ಮೇಲೆ ಕೂತ. ಕೂಸನ್ನು ತೊಡೆಯ ಮೇಲೆ ಕೂಡಿಸಿದೆವು. ಹೆಂಗಸರು ಹಾಡು ಹಿಡಿದರು. ಅಣ್ಣ ಕಿವಿಯ ಹತ್ತಿರದ ಒಂದು ಸುರುಳಿ ಕತ್ತರಿಸಿ ನನ್ನ ಕೈಗೆ ಹಾಕಿದ.

ಅಲ್ಲಿಗೇ ನಿಲ್ಲಿಸಿದ್ದರೆ ನಾನು ಇಂದು ಇದನ್ನು ಬರೆಯುವ ಕಾರಣವೇ ಇರುತ್ತಿರಲಿಲ್ಲ. ಬೇಕಾದದ್ದು ಅಷ್ಟೇ ಆಗಿತ್ತು. ಆದರೆ ನಮಗೆ ಬೇಕಾದದ್ದು ಶಾಸ್ತ್ರ. ಇಮಾಮಸಾಬರು ಕತ್ತಿ ಎತ್ತಿದರು, ಊದುಬತ್ತಿ ಒಂದು ಉರಿದು ಮುಗಿಯುವುದರೊಳಗೆ ತಲೆ ತೆಂಗಿನಕಾಯಿ ಆಯಿತು. ಅದಕ್ಕೆ ಅರಿಷಿಣ ಗಂಧ ಹಚ್ಚಿದೆವು. ಮಾವಿನಹಣ್ಣು ಆಯಿತು. ಗಿರಿಜಾ ಅಳಲಿಲ್ಲ, ತಲೆ ಸವರಿಕೊಂಡು ಸವರಿಕೊಂಡು ನಕ್ಕಿತು.

ಅಮ್ಮಾವರು ಕೊಟ್ಟ ಡಬ್ಬಿಯಲ್ಲಿ ಕೂದಲು ಹಿಡಿಸಲಿಲ್ಲ. ಇಷ್ಟು ಓದಿದವರಿಗೆ ಒಂದು ಜಾವಳದ ಕೂದಲು ಎಷ್ಟಾಗುತ್ತದೆ ಎಂಬ ಅಂದಾಜು ಇಲ್ಲವಲ್ಲ ಎಂದು ನಗುತ್ತ, ಅವರದೇ ಬಿಸ್ಕೀಟಿನ ದೊಡ್ಡ ಡಬ್ಬಿ ಬರಿದು ಮಾಡಿ ಅದರಲ್ಲಿ ತುಂಬಿದೆ. ಬರಿದು ಮಾಡುವ ಕೆಲಸವನ್ನು ಅಣ್ಣನ ಮಕ್ಕಳು ಮಾಡಿದರು.

ಹೋಳಿಗೆ ಊಟ ಆದಮೇಲೆ ಅಣ್ಣ ಕೈ ತೊಳೆದು, ಬೀಗರಿಗೆ ಕೊಡುವ ಉಡುಗೊರೆಯ ಗಂಟು ತೋರಿಸಿ ಹೊಸ ತಕರಾರು ತೆಗೆದ.

"ನೀಲಾ, ಆಯೇರಿ ತಂದೀನಿ. ಯಾರಿಗೆ ಕೊಡ್ಲಿ? ಬಾಗಿಲಿಗೆ ಕೊಡ್ಲೇನು? ತಂದಿ ತಾಯಿ ಇಲ್ಲದ ಜಾವಳ ಎಲ್ಲರ ಉಂಟೇನು? ಕೂಸಿನ್ನ ಅವರ ಉಡ್ಯಾಗ ಇಟ್ಟು, ಆಯೇರಿ ಮಾಡಿನೇ ನಾ ತಿರುಗಿ ಹೋಗಾಂವ."

"ಅವರು ಶುಕ್ರವಾರ ಬರ್ತಾರಣ್ಣ."

"ಬೀಗ ಎರಡ ದಿವ್ಸ ಕಾಯ್ಕೋತ ಕೂಡ್ತಾನೇನು? ಬಂಡಿ ಅವ, ಎತ್ತ ಅವ. ಹೋಗೂಣು ನಡಿ."

ಹನ್ನೊಂದು ಮಂದಿಗೆ ಎರಡು ದಿನ ಅಡುಗೆ ಮಾಡುವುದನ್ನು ಮನಸ್ಸಿನಲ್ಲಿ ನೋಡಿದೆ. ಹೋಗುವುದೇ ಸರಿ ಎನಿಸಿತು. ಗುರುವಾರ ನಸುಕಿಗೆ ಎರಡೂ ಬಂಡಿ ಕಮಲಾಪುರದ ದಾರಿ ಹಿಡಿದವು. ನಮ್ಮ ಮನೆಯವರು ಕರೆಯದೆಯೇ ಬಂದು ಮುಂದಿನ ಬಂಡಿಯಲ್ಲಿ ಕೂತರು. "ನೀವ್ಯಾಕ?" ಎಂದೆ. "ನಿನ್ನ ತಿರುಗಿ ಕರಕೊಂಡು ಬರಾಕ ಯಾರರ ಬೇಕಲ್ಲ" ಎಂದರು. ಅವರು ಒಮ್ಮೆಗೇ ಇಷ್ಟು ಮಾತಾಡಿದ್ದು ಕೇಳಿ, ಅಮ್ಮಾವರು ಹೇಳಿದ್ದನ್ನು ಮೊದಲ ಸಲ ಮನಸ್ಸಿನಲ್ಲೇ ಮತ್ತೊಮ್ಮೆ ಹೇಳಿ ನೋಡಿಕೊಂಡೆ.

ಹೊತ್ತು ಇಳಿಯುವ ಹೊತ್ತಿಗೆ ಕಮಲಾಪುರ ಮುಟ್ಟಿದೆವು. ಊರ ಹೊರಗೆ ಬಾಳೆತೋಟದ ಬದಿಗೆ ಡೇರೆ. ಮುಂದೆ ಒಂದು ಸಾಲು ಜನ, ಅಮ್ಮಾವರು ಒಬ್ಬ ಮುದುಕನ ಕಣ್ಣಿಗೆ ಔಷಧದ ಹನಿ ಹಾಕುತ್ತಿದ್ದರು. ಹೆಂಗಸರು ಬಂಡಿಯಲ್ಲೇ ಹಾಡು ಎತ್ತಿದರು. ಅಮ್ಮಾವರು ನಗುತ್ತ ತಲೆ ಎತ್ತಿದರು. ನನ್ನನ್ನು ನೋಡಿದರು. ನನ್ನ ಸೊಂಟದ ಮೇಲಿನ ಕೂಸನ್ನು ನೋಡಿದರು.

ಔಷಧದ ಸೀಸೆ ಕೆಳಗೆ ಬಿತ್ತು. ಅಮ್ಮಾವರು ಓಡಿ ಬಂದರು. ಬಂಡಿ ನಿಲ್ಲುವ ಮೊದಲೇ ಕೂಸನ್ನು ನನ್ನಿಂದ ಕಿತ್ತುಕೊಂಡು ಹಣೆ ಮುಟ್ಟಿದರು, ಕುತ್ತಿಗೆ ಮುಟ್ಟಿದರು, ಅಂಗಿಯೊಳಗೆ ಕೈ ಹಾಕಿ ಹೊಟ್ಟೆ ಮುಟ್ಟಿದರು.

"ಎಂದಿನಿಂದ ಜ್ವರ ಬಂದಾವ? ನೀಲವ್ವಾ, ಎಂದಿನಿಂದ?"

ಎರಡೂವರೆ ವರ್ಷ ನಾನು ಕಲಿಸಿದರೂ ಬರದ ನಮ್ಮ ಮಾತು ಆಕೆಯ ಬಾಯಿಂದ ಅಂದು ಒಮ್ಮೆಗೇ ಬಂತು.

"ಜ್ವರಾ ಇಲ್ರಿ ಅಮ್ಮಾವ್ರ. ಕೂಸು ಆರಾಮ ಅದ."

"ತಲೆ! ತಲೆ ಏಕೆ?"

ಅಷ್ಟರಲ್ಲಿ ಗಿರಿಜಾ ತಾಯಿಯ ಕೈ ಹಿಡಿದು ತನ್ನ ಬೋಳು ತಲೆಯ ಮೇಲೆ ಇಟ್ಟುಕೊಂಡು, "ಅವ್ವಾ, ತಂಪ ಅದ ನೋಡು" ಎಂದಿತು.

ಅಮ್ಮಾವರು ಅಲ್ಲೇ ಮಣ್ಣಿನಲ್ಲಿ ಕೂತರು. ಕೂಸನ್ನು ಅವಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಕೈ ಕೊರಳಿನ ತಾಯಿತಕ್ಕೆ ಹೋಯಿತು. ಸಾಹೇಬರು ಡೇರೆಯಿಂದ ಬಂದು ಹೆಂಡತಿಯ ಹೆಗಲ ಮೇಲೆ ಕೈ ಇಟ್ಟು, ಆ ತಾಯಿತದ ಮುಚ್ಚಳ ತೆರೆದು ನನಗೆ ತೋರಿಸಿದರು. ಒಳಗೆ ತಾಯಿತದ ಯಂತ್ರವಿರಲಿಲ್ಲ. ಬೆಳ್ಳಗಿನ ಕೂದಲಿನ ಒಂದು ಸಣ್ಣ ಸುರುಳಿ ಇತ್ತು.

ಗಿರಿಜಾಗಿಂತ ಮೊದಲು ಅವರಿಗೊಂದು ಗಂಡು ಕೂಸು ಆಗಿ ಹೋಗಿತ್ತೆಂದು ನನಗೆ ಗೊತ್ತಿತ್ತು. ಹೇಗೆ ಹೋಯಿತೆಂದು ಗೊತ್ತಿರಲಿಲ್ಲ. ಜ್ವರ ನೆತ್ತಿಗೇರಿ, ತಣ್ಣೀರ ಬಟ್ಟೆ ಹಾಕಲೆಂದು ಡಾಕ್ಟರು ಅದರ ತಲೆ ಬೋಳಿಸಿದ್ದರಂತೆ. ನಾಲ್ಕನೆಯ ದಿನ ಕೂಸು ಉಳಿಯಲಿಲ್ಲ. ನೆಲದ ಮೇಲೆ ಬಿದ್ದ ಕೂದಲಲ್ಲಿ ಒಂದು ಸುರುಳಿಯನ್ನು ತಾಯಿ ಆರಿಸಿಕೊಂಡಿದ್ದರು. ಅದನ್ನೇ ನಾನು ಇಷ್ಟು ದಿನ ತಾಯಿತ ಎಂದುಕೊಂಡಿದ್ದೆ.

ಇಂಥ ಹೊತ್ತಿನಲ್ಲಿ ಯಾರಾದರೂ ಸುಮ್ಮನಿರುತ್ತಾರೆ. ನನ್ನ ಅಣ್ಣ ಬೀಗ. ಅವನು ಸುಮ್ಮನಿರಲಿಲ್ಲ. ಆಯೇರಿಯ ತಾಟು ಹಿಡಿದುಕೊಂಡು ಮುಂದೆ ಬಂದ.

"ಶರಣ್ರಿ ಬೀಗರ" ಎಂದು ಸಾಹೇಬರಿಗೆ ಕೈ ಮುಗಿದು, ಅವರು ಏನು ಎತ್ತ ಎನ್ನುವುದರೊಳಗೆ ತಲೆಗೆ ರುಮಾಲು ಸುತ್ತಿದ. ಅಮ್ಮಾವರ ಉಡಿಯಲ್ಲಿ ಒಂದು ಕೆಂಪು ಕುಬುಸದ ಖಣ, ತೆಂಗಿನಕಾಯಿ ಇಟ್ಟ. "ಕೂಸಿನ ಸ್ವಾದರಮಾವ ಇನ್ನ ಮ್ಯಾಲ ನಾನೇ. ತವರು ದೂರ ಅದ ಅಂತ ನೀವು ಕೊರಗಬ್ಯಾಡ್ರಿ ನಮ್ಮವ್ವ. ಶರಣಸಿರಸಗಿ ಏನ ದೂರ?"

ಅಮ್ಮಾವರು ಅಳುವುದು ನಿಲ್ಲಿಸಿ ಖಣವನ್ನು ನೋಡಿದರು. "ನೀಲಮ್ಮಾ, ಇವರು ಯಾರು?"

"ನೀವೇ ತೆಗೆದಿಡಂತ ಹೇಳಿದ್ರಲ್ರೀ ಅಮ್ಮಾವ್ರ" ಎಂದೆ. ಅಣ್ಣನ ಕಡೆ ಕೈ ತೋರಿಸಿದೆ. "ಬೀಗ."

ಆ ಮಾತಿಗೆ ಸಾಹೇಬರು ಡೇರೆಗೆ ಹೋಗಿ ಶಬ್ದದ ಪುಸ್ತಕ ತಂದರು. ರುಮಾಲು ಸುತ್ತಿಕೊಂಡೇ ಹಾಳೆ ತಿರುವಿದರು. ಅವರ ಭಾಷೆಯಲ್ಲಿ ಬಾಗಿಲಿಗೆ ಹಾಕುವ ಕೀಲಿಗೂ ತಲೆಯ ಕೂದಲಿನ ಸುರುಳಿಗೂ ಒಂದೇ ಮಾತಂತೆ. ಪುಸ್ತಕ ಬರೆದವನು ಕೀಲಿಯೊಂದನ್ನೇ ನೆನೆದು ಎದುರಿಗೆ 'ಬೀಗ' ಎಂದು ಬರೆದಿದ್ದ. ಒಂದೇ ಒಂದು ಸುರುಳಿ ಕತ್ತರಿಸಿ ಡಬ್ಬಿಯಲ್ಲಿಡು ಎಂದಷ್ಟೇ ಆಕೆ ಹೇಳಿದ್ದು.

"ಕೀಲಿ ಅಂದಿರಬೇಕಂತ ನಾ ಹೇಳಿದ್ದೆ" ಎಂದರು ನಮ್ಮ ಮನೆಯವರು. ಅಷ್ಟು ಜನರ ಎದುರು. ಈ ಮಾತನ್ನು ಅವರು ಮುಂದೆ ಸಾಯುವ ತನಕ ಹೇಳಿದರು.

ಮೊದಲು ನಕ್ಕದ್ದು ಸಾಹೇಬರು. ಆಮೇಲೆ ಅಮ್ಮಾವರೂ ನಕ್ಕರು, ಕಣ್ಣೀರು ಇನ್ನೂ ಇಳಿಯುತ್ತಿತ್ತು. ನನಗೆ ನಗು ಬರಲಿಲ್ಲ. ಬಿಸ್ಕೀಟಿನ ಡಬ್ಬಿ ಅವರ ಮುಂದೆ ಇಟ್ಟೆ.

"ನಾ ಊರಿಗೆ ಹೋಗ್ತೀನ್ರಿ ಅಮ್ಮಾವ್ರ. ಬ್ಯಾರೆ ಆಯಾನ್ನ ನೋಡ್ಕೋರಿ."

ಆಕೆ ಕೂಸಿನ ತಲೆಯನ್ನು ಅಂಗೈಯಿಂದ ಸವರಿದರು. "ಈ ಕೂದಲು ಮತ್ತೆ ಯಾವಾಗ ಬರುತ್ತದೆ?"

"ಆರ ತಿಂಗಳಿಗೆ ಬರ್ತದ್ರಿ. ದಟ್ಟ ಬರ್ತದ."

"ಹಾಗಾದರೆ ಆರು ತಿಂಗಳು ನೀವೇ ಎಣ್ಣೆ ಹಚ್ಚಬೇಕು. ಬೋಳಿಸಿದವರು ಓಡಿಹೋಗಬಾರದು."

ಆ ರಾಶಿಯಿಂದ ಅಮ್ಮಾವರು ಅಣ್ಣ ಕತ್ತರಿಸಿದ ಆ ಮೊದಲ ಸುರುಳಿಯನ್ನೇ ಹುಡುಕಿ ತೆಗೆದರು. ನಾನು ಅದಕ್ಕೆ ದಾರ ಕಟ್ಟಿಟ್ಟಿದ್ದೆ, ಅದಕ್ಕೇ ಸಿಕ್ಕಿತು. ಸಣ್ಣ ಡಬ್ಬಿಯಲ್ಲಿ ಅದು ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಡಬ್ಬಿ ಅಷ್ಟು ಸಣ್ಣದೇಕೆ ಎಂಬುದು ನನಗೆ ಆಗ ಹೊಳೆಯಿತು. ನನ್ನ ಬುದ್ಧಿಗೆ ಎಲ್ಲವೂ ಹೊಳೆಯುತ್ತದೆ, ಕೆಲಸ ಆದಮೇಲೆ.

ಬೀಗರನ್ನು ಬರಿಗೈಯಲ್ಲಿ ಕಳಿಸಬಾರದು ಎಂದು ನಮ್ಮ ಮನೆಯವರು ಸಾಹೇಬರ ಕಿವಿಯಲ್ಲಿ ಹೇಳಿದರು. ಕಮಲಾಪುರದ ಕೆಂಪು ಬಾಳೆಹಣ್ಣಿನ ಒಂದು ಇಡೀ ಗೊನೆ ಅಣ್ಣನ ಬಂಡಿಗೆ ಏರಿತು. ಅವನು ಅಷ್ಟಕ್ಕೇ ಮುಗಿಸಲಿಲ್ಲ. ಆಮೇಲೆ ಪ್ರತಿ ಕ್ರಿಸ್‌ಮಸ್ಸಿಗೆ ಹೊಸ ರುಮಾಲು ಸುತ್ತಿಕೊಂಡು ಬಂಗಲೆಗೆ ಬಂದು, ಬೀಗನ ಹಕ್ಕಿನಿಂದ ಕುರ್ಚಿಯ ಮೇಲೆ ಕೂತು ಕೇಕು ತಿಂದು ಹೋಗುತ್ತಿದ್ದ. ಪ್ರತಿ ಸಲವೂ ಕೂಸಿಗೊಂದು ಅಂಗಿ ತರುತ್ತಿದ್ದ, ಅದನ್ನೂ ಹೇಳಬೇಕು.

ಶನಿವಾರದ ಟಪಾಲು ತಪ್ಪಲಿಲ್ಲ. ಮೂರ್ನಾಲ್ಕು ತಿಂಗಳಿಗೆ ಆ ದೇಶದಿಂದ ಉತ್ತರ ಬಂತು. ಅಮ್ಮಾವರು ಓದಿ, ಮತ್ತೆ ಓದಿ, ನನ್ನನ್ನು ಕರೆದರು. ಮುದುಕಿ ಬರೆಸಿದ್ದಳು: ಕೂದಲು ಮುಟ್ಟಿದೆ, ಕೂಸು ನನ್ನ ಕೈಗೆ ಬಂತು. ಆದರೆ ಇದಕ್ಕೆ ಯಾವುದೋ ಹೊಗೆಯ ವಾಸನೆ ಇದೆ, ಬಹಳ ಚೆಂದ ಇದೆ. ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ನಿಮ್ಮ ದೇಶದಲ್ಲಿ ಕೂಸುಗಳ ವಾಸನೆಯೇ ಹೀಗೋ?

"ಏನೆಂದು ಬರೆಯಲಿ?" ಎಂದರು ಅಮ್ಮಾವರು.

"ಹೌದಂತ ಬರೀರಿ" ಎಂದೆ.

ಬಿಸ್ಕೀಟಿನ ಡಬ್ಬಿಯಲ್ಲಿ ಉಳಿದ ಕೂದಲನ್ನು ಆಕೆಯೇ ಇಟ್ಟುಕೊಂಡರು. ನಾನು ಒಂದು ಹಿಡಿ ಬೇಡಿ ತಂದೆ. ಸೂಜಿ ಚುಚ್ಚುವ ಸಣ್ಣ ಗಾದಿಗೆ ತುಂಬಲು ಬೇಕಾಗಿತ್ತು. ಬೇರೆ ಕಾರಣವೇನೂ ಇಲ್ಲ. ಆ ಗಾದಿ ಈಗಲೂ ನನ್ನ ಹತ್ತಿರ ಇದೆ. ಅದಕ್ಕೆ ನಾನು ಯಾಕೋ ಸೂಜಿ ಚುಚ್ಚಿಲ್ಲ.

ಕೂದಲು ನಾನು ಹೇಳಿದ ಹಾಗೆ ದಟ್ಟವಾಗಿಯೇ ಬಂತು. ಬಣ್ಣ ಮಾತ್ರ ತಗ್ಗಿ ಬೆಲ್ಲದ ಹಾಗಾಯಿತು. ಗಿರಿಜಾಗೆ ಒಂಬತ್ತು ತುಂಬಿದಾಗ ಅವರೆಲ್ಲ ತಮ್ಮ ದೇಶಕ್ಕೆ ಹೋದರು. ಅಲ್ಲಿಂದ ಅವಳು ನನಗೆ ಕಾಗದ ಬರೆಯುತ್ತ ಬಂದಳು, ನಮ್ಮ ಕಲಬುರಗಿಯ ಮಾತಿನಲ್ಲೇ. ಅವಳ ತಾಯಿ ಕಲಿಸಿದ ನಾಲ್ಕು ಅಕ್ಷರದಲ್ಲಿ ನಾನು ಉತ್ತರ ಬರೆದೆ. ಹೋದ ವರ್ಷ ಬರೆದಿದ್ದಳು: 'ಆಯಿ, ಅವ್ವ ತೀರಿಕೊಂಡಳು. ಆಕಿ ಕೊರಳಾನ ಆ ಡಬ್ಬಿ ಈಗ ನನ್ನ ಹಂತೇಲಿ ಅದ. ಅದರಾಗ ಇನ್ನಷ್ಟು ಜಾಗಾ ಅದ. ನಿನ್ನ ಕೂದಲಿಂದೊಂದು ಬೀಗ ಕಳಸು. ಒಂದೇ. ಬೀಗರನ್ನ ಕರಕೊಂಡು ಬರಬ್ಯಾಡ.'

ಓದಿ, ಕಣ್ಣು ಒರೆಸಿಕೊಂಡೆ. ವಯಸ್ಸಿಗೆ ಕಣ್ಣಲ್ಲಿ ನೀರು ಬರುತ್ತದೆ. ಈ ಸಲ ಬೀಗ ಎಂದರೆ ಏನು, ಡಬ್ಬಿಯ ಅಳತೆ ಎಷ್ಟು, ಎಲ್ಲವೂ ನನಗೆ ಚೆನ್ನಾಗಿ ಗೊತ್ತಿತ್ತು. ಕನ್ನಡಿ ತೆಗೆದುಕೊಂಡು, ಕತ್ತರಿ ಹಿಡಿದು ಕೂತೆ. ಕತ್ತರಿಸಲು ತಲೆಯಲ್ಲಿ ಕೂದಲು ಇರಲಿಲ್ಲ. ಇದ್ದ ನಾಲ್ಕನ್ನು ಕೊಟ್ಟರೆ ನಾನೇ ಜಾವಳದ ಕೂಸು.

ಕಡೆಗೆ ಹದಿನೈದು ದಿನ ಹಣಿಗೆಯಲ್ಲಿ ಸಿಕ್ಕಿದ್ದನ್ನು ಕೂಡಿಸಿ, ಸುತ್ತಿ, ದಾರ ಕಟ್ಟಿ, ಲೋಬಾನದ ಹೊಗೆ ಕೊಟ್ಟು ಕಳಿಸಿದೆ. ಅವಳ ಉತ್ತರ ಮೊನ್ನೆ ಬಂತು. 'ಆಯಿ, ವಾಸನಿ ಅದೇ ಅದ. ನೋಡಿ ಭಾಳ ಅಳು ಬಂತು. ಈ ವಯಸ್ಸಿನಾಗೂ ನಿನ್ನ ಕೂದಲಾ ಎಷ್ಟು ಕರ್ರಗ ಅದ!'

ನಮ್ಮ ಮನೆಯಲ್ಲಿ ಹಣಿಗೆ ಒಂದೇ, ನನಗೂ ಸೊಸೆಗೂ. 'ಹೌದು' ಎಂದು ಬರೆದು ಹಾಕಿದೆ. ಸೊಸೆಗೆ ಹೇಳಿಲ್ಲ.